ಆಲ್ಟ್ ಕೀಯ ಕೆಳಗಿದ್ದ ಹಲ್ವ

ಹಮೀದಾಕರಿಗೆ ಸಕ್ಕರೆ ಕಾಯಿಲೆ ಇಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ. ವರ್ಷಗಟ್ಟಲೆ ಅವರಿಗೆ ಸಪ್ಪೆ ಚಹಾ ಕುಡಿಸಿದ ಆ ಕಾಯಿಲೆಯನ್ನು ಅವರಿಗೆ ಅಂಟಿಸಿದವನು ನಾನು. ನಾನು ಡಾಕ್ಟರಲ್ಲ, ಮಸ್ಕತ್ತಿನ ಒಂದು ಪಂಪ್ ಕಂಪೆನಿಯಲ್ಲಿ ಲೆಕ್ಕಪತ್ರ ನೋಡುವ ಶಿರ್ವದ ವಲೇರಿಯನ್. ಅಂಟಿಸಲು ಒಂದು ವಾಕ್ಯ ಸಾಕಾಯಿತು. ಬಿಡಿಸಲು — ಇಗೋ, ಇಷ್ಟುದ್ದ ಬರೆಯಲು ಕೂತಿದ್ದೇನೆ.

ಬರೀ ಕಾಯಿಲೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಅದರ ಜೊತೆಗೆ ನಾನು ಅವರ ಉಪವಾಸವನ್ನೂ ಕಿತ್ತುಕೊಂಡೆ. ಮೀಸೆ ಮೂಡುವ ಮೊದಲೇ ರಮಝಾನಿನ ಉಪವಾಸ ಹಿಡಿದು, ಜ್ವರ ಬಂದಾಗಲೂ ಬಿಡಲು ಮನಸ್ಸಾಗದ ಮನುಷ್ಯ ಅವರು. ಅಂಥವರು ಹಗಲು ಹೊತ್ತಿನಲ್ಲಿ ಗುಟ್ಟಾಗಿ ತಿನ್ನುತ್ತಾರೆ ಎಂದು ಆಫೀಸಿಗೆ ಆಫೀಸೇ ನಂಬುವಂತೆ ಮಾಡಿದೆ. ಆ ಮಾತು ಆಫೀಸು ದಾಟಿ ಮಸ್ಕತ್ತಿನ ಬೌಷರ್ ಕಡೆ ಇರುವ ನಮ್ಮ ಊರಿನವರ ಕಿವಿಗೂ ಬಿದ್ದಿದೆ. ಎಲ್ಲಿಯವರೆಗೆ ಹೋಗಿದೆಯೋ ನನಗೆ ಗೊತ್ತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಆಫೀಸು ಇರುವುದು ವಾದಿ ಕಬೀರ್‌ನಲ್ಲಿ, ಗ್ಯಾರೇಜುಗಳ ಸಾಲಿನ ನಡುವೆ. ಖರ್ಜೂರದ ತೋಟಗಳಿಗೆ ನೀರೆತ್ತುವ ಪಂಪುಗಳನ್ನು ಮಾರುತ್ತೇವೆ, ಕೆಟ್ಟರೆ ರಿಪೇರಿಯನ್ನೂ ಮಾಡುತ್ತೇವೆ. ಮಾಲೀಕರು ನಿಜ್ವಾ ಕಡೆಯ ಒಮಾನಿ, ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತೇವೆ. ಒಂದು ಕಾಲದಲ್ಲಿ ತಾವೇ ಪಂಪು ಬಿಚ್ಚಿ ಜೋಡಿಸುತ್ತಿದ್ದವರು. ಈಗಲೂ ಅವರ ಬಿಳಿ ನಿಲುವಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಸ್ಕ್ರೂಡ್ರೈವರ್ ಇರುತ್ತದೆ. ಹಿಂದಿಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾರೆ.

ಹಮೀದಾಕ ಉಳ್ಳಾಲದ ಬ್ಯಾರಿ. ಹೆಸರು ಹಮೀದ್. ಹಿರಿಯರ ಹೆಸರಿನ ಕೊನೆಗೆ ಬ್ಯಾರಿಗಳು ಸೇರಿಸುವ ‘ಆಕ’ವನ್ನು ನಾವೂ ಸೇರಿಸಿಕೊಂಡೆವು. ಬಿಲ್ಲಿಂಗ್ ಅವರದ್ದು. ನಾನು ಹೊಸತಾಗಿ ಬಂದಾಗ ನನಗೆ ರೂಮು ಹುಡುಕಿಕೊಟ್ಟದ್ದು, ಚರ್ಚಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿಕೊಟ್ಟದ್ದು, ಮೊದಲ ಕ್ರಿಸ್ಮಸ್ಸಿಗೆ ಮನೆ ನೆನಪಾಗಿ ಮುಖ ಊದಿಸಿಕೊಂಡು ಕೂತಿದ್ದವನನ್ನು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿದ್ದು, ಎಲ್ಲ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನಾನು ಅವರನ್ನು ಹೊಗಳಿ ನನ್ನ ತಪ್ಪನ್ನು ತೆಳ್ಳಗೆ ಮಾಡುತ್ತಿದ್ದೇನೆಂದು ನಿಮಗೆ ಅನ್ನಿಸೀತು.

ಇನ್ನು ಲಿನಕ್ಸ್. ಅದು ನನ್ನ ಜಂಬ. ಆಫೀಸಿನ ಕಂಪ್ಯೂಟರುಗಳಲ್ಲೆಲ್ಲ ಮೊದಲು ಕದ್ದ ವಿಂಡೋಸ್ ಇತ್ತು. ಅರ್ಬಾಬರಿಗೆ ಕದ್ದದ್ದು ಬೇಡ, ಕೊಳ್ಳಲು ಮನಸ್ಸೂ ಇಲ್ಲ. ಆಗ ನಾನು ಎದೆಯುಬ್ಬಿಸಿ ಮುಂದೆ ಬಂದೆ. ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಡುತ್ತೇನೆ, ಧರ್ಮಕ್ಕೆ ಸಿಗುತ್ತದೆ, ಕೆಡುವುದೇ ಇಲ್ಲ ಎಂದೆ. ಯಾರೂ ಕೇಳದಿದ್ದರೂ ‘ಕೆಡುವುದೇ ಇಲ್ಲ’ ಎಂಬುದನ್ನು ಎರಡು ಸಲ ಹೇಳಿದ ನೆನಪು. ಹಮೀದಾಕರಿಗೆ ಅದು ಹಿಡಿಸಲಿಲ್ಲ. “ಹಳೇದು ಸರಿ ಇತ್ತಲ್ಲ ಮಾರಾಯ, ನೀನೆಂತ ಇದನ್ನು ತಂದದ್ದು?” ಎಂದು ಗೊಣಗುತ್ತಲೇ ಕಲಿತರು. ಕಲಿತ ಮೇಲೆ ಯಾರಾದರೂ ಅದನ್ನು ಬೈದರೆ ನನ್ನ ಪರವಾಗಿ ಜಗಳಕ್ಕೂ ನಿಲ್ಲುತ್ತಿದ್ದರು.

ಆ ವರ್ಷ ರಮಝಾನೂ ನಮ್ಮ ತಪಸ್ಸುಕಾಲವೂ ಒಂದರ ಮೇಲೊಂದು ಬಂದಿದ್ದವು. ಈಸ್ಟರಿನವರೆಗೆ ಸಿಹಿ ಮುಟ್ಟುವುದಿಲ್ಲ ಎಂದು ನಾನು ಹರಕೆ ಹೊತ್ತಿದ್ದೆ. ಹೆಂಡತಿ ಜೆಸಿಂತಾಳ ಎದುರಿಗೇ ಹೊತ್ತದ್ದು, ಅದೇ ತೊಂದರೆ. ಉಪವಾಸವಿಲ್ಲದ ನಮ್ಮಂಥವರಿಗೆ ಮಧ್ಯಾಹ್ನ ತಿನ್ನಲು ಗೋದಾಮಿನ ಹಿಂದೆ ಪರದೆ ಕಟ್ಟಿದ ಒಂದು ಮೂಲೆಯಿತ್ತು. ಆದರೆ ಗೋದಾಮು ನೋಡಿಕೊಳ್ಳುವವನು ಸ್ಟೀಫನ್, ಜೆಸಿಂತಾಳ ಅಣ್ಣ. ಅಲ್ಲಿ ಕೂತು ನಾನು ಏನು ತಿಂದರೂ ಸಂಜೆಯೊಳಗೆ ಮನೆಗೆ ವರದಿ ಮುಟ್ಟುತ್ತಿತ್ತು.

ಹಾಗಿರುವಾಗ ಅರ್ಬಾಬರು ನಿಜ್ವಾದಿಂದ ಹಲ್ವ ತರಿಸಿದರು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಬರುವ ಗಿರಾಕಿಗಳಿಗೆ ಕೊಡಲೆಂದು. ಒಮಾನಿನ ಹಲ್ವ ನೋಡದವರಿಗೆ ಹೇಳುತ್ತೇನೆ — ಅದು ನಮ್ಮ ಬೇಕರಿಯ ಗಟ್ಟಿ ಹಲ್ವ ಅಲ್ಲ, ತುಪ್ಪದಲ್ಲಿ ತೇಲುವ ಅಂಟು. ಕೇಸರಿ, ಏಲಕ್ಕಿ, ಗುಲಾಬಿ ನೀರು, ಗೋಡಂಬಿ. ಬೆರಳಿಗೆ ತಾಗಿದರೆ ಸೋಪು ಹಾಕಿ ತೊಳೆದರೂ ಪರಿಮಳ ಉಳಿಯುತ್ತದೆ. ಆ ಡಬ್ಬಗಳನ್ನು ಜೋಡಿಸಿಟ್ಟದ್ದು ಹಮೀದಾಕರ ಕುರ್ಚಿಯ ಹಿಂದಿನ ಕಪಾಟಿನಲ್ಲಿ. ಬೀಗ ಹಾಕಿರಲಿಲ್ಲ. ಅವರ ಬೆನ್ನ ಹಿಂದೆ ಇಟ್ಟರೆ ಬೀಗ ಬೇಡ ಎಂದು ಅರ್ಬಾಬರೇ ಹೇಳಿದ್ದರು.

ಮಧ್ಯಾಹ್ನ ಹಮೀದಾಕ ನಮಾಜಿಗೆ ಹೋದರು. ಅವರ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಬೇಕೆಂದು ನಾನು ಅವರ ಕುರ್ಚಿಯಲ್ಲಿ ಕೂತೆ. ಅಪ್‌ಡೇಟ್ ನಿಧಾನವಾಗಿ ಇಳಿಯುತ್ತಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ, ಕಪಾಟು ಕೈಗೆಟಕುವಷ್ಟು ಹತ್ತಿರ. ಒಂದು ಡಬ್ಬದ ಮುಚ್ಚಳ ಸ್ವಲ್ಪ ಸಡಿಲ ಇತ್ತು — ಇಲ್ಲ, ಸಡಿಲ ಇರಲಿಲ್ಲ, ನಾನೇ ತೆರೆದೆ. ಚಮಚ ಇಲ್ಲದ್ದಕ್ಕೆ ನನ್ನ ಆಫೀಸ್ ಗುರುತಿನ ಕಾರ್ಡಿನ ಅಂಚಿನಿಂದ ಎತ್ತಿ ಬಾಯಿಗೆ ಹಾಕಿಕೊಂಡೆ. ಎರಡನೆಯ ಸಲ ಎತ್ತುವಾಗ ಬಾಗಿಲಿನ ಸದ್ದಾದಂತಾಯಿತು. ಗಡಬಡಿಸಿ ಡಬ್ಬ ಮುಚ್ಚಲು ಹೋಗಿ ಒಂದು ತುಂಡು ಕೀಬೋರ್ಡಿನ ಎಡಮೂಲೆಗೆ ಬಿತ್ತು. ಬಂದದ್ದು ಯಾರೂ ಅಲ್ಲ, ಏಸಿಯ ಗಾಳಿ. ಟಿಶ್ಯೂವಿನಿಂದ ಒರೆಸಿದೆ. ಮೇಲೆ ಕಾಣುವುದೆಲ್ಲ ಹೋಯಿತು. ಕೆಳಗೆ ಇಳಿದದ್ದು ನನಗೆ ಕಾಣಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ.

ಮಾರನೆಯ ದಿನ ಹಮೀದಾಕ ಕರೆದರು. “ವಲೇರಿಯನ್, ನಿನ್ನ ಲಿನಕ್ಸ್ ಉಬ್ಬುತ್ತಾ ಉಂಟು.”

ನಿಜವಾಗಿಯೂ ಉಬ್ಬಿತ್ತು. ಬಿಲ್ಲಿನ ಒಂದು ಮೂಲೆ ಇಡೀ ಪರದೆಯನ್ನು ತುಂಬಿತ್ತು. ಮೌಸ್ ಸರಿಸಿದರೆ ಪರದೆಯೂ ಅದರ ಹಿಂದೆ ತೇಲುತ್ತಿತ್ತು. ಗಿರಾಕಿಯ ಹೆಸರು ನೋಡಬೇಕಾದರೆ ಬಲಕ್ಕೆ ಹೋಗಬೇಕು, ಅಷ್ಟರಲ್ಲಿ ಪಂಪಿನ ಹೆಸರು ಎಡಕ್ಕೆ ಓಡಿಹೋಗುತ್ತಿತ್ತು. ಒಂದು ಸೊನ್ನೆ ತಟ್ಟೆಯಷ್ಟು ದೊಡ್ಡದಾಗಿ ನಡುವೆ ಕೂತಿತ್ತು. ನಾನು ಗಂಭೀರವಾಗಿ “ರೆಸಲ್ಯೂಶನ್” ಎಂದೆ. ಗೊತ್ತಿಲ್ಲದಾಗ ನಾನು ಹೇಳುವ ಮೊದಲ ಪದ ಅದು. ಕಂಪ್ಯೂಟರನ್ನು ಬಂದ್ ಮಾಡಿ ತೆರೆದೆ, ಸರಿಯಾಯಿತು. ಅರ್ಧ ಗಂಟೆಯೊಳಗೆ ಮತ್ತೆ ಕರೆದರು.

ನಂತರದ ದಿನಗಳಲ್ಲಿ ನಾನು ಮಾಡದ ಚಿಕಿತ್ಸೆ ಇಲ್ಲ. ಕೇಬಲ್ ಬದಲಾಯಿಸಿದೆ. ಡ್ರೈವರ್ ತೆಗೆದು ಹಾಕಿದೆ. ನನ್ನ ಮಾನಿಟರನ್ನು ಅವರಿಗೆ ಕೊಟ್ಟು ಅವರದ್ದನ್ನು ನಾನು ತಂದುಕೊಂಡೆ, ಅವರದ್ದು ನನ್ನಲ್ಲಿ ಸಾಧುವಾಗಿ ಕೂತಿತು, ನನ್ನದು ಅಲ್ಲಿ ಉಬ್ಬಿತು. ಮೌಸ್ ಬದಲಾಯಿಸಿದೆ. ಕೊನೆಗೆ ಲಿನಕ್ಸನ್ನೇ ಪೂರ್ತಿ ಅಳಿಸಿ ಹೊಸತಾಗಿ ಹಾಕಿದೆ. ಕೀಬೋರ್ಡ್ ಒಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಿದೆ. ಪರದೆಯ ಕಾಯಿಲೆಗೆ ಕೀಬೋರ್ಡ್ ಯಾಕೆ ಮುಟ್ಟುವುದು ಎಂದು — ಹಾಗೆಂದೇ ನನ್ನನ್ನು ನಾನು ನಂಬಿಸಿದ್ದೆ. ಒಳಗೊಳಗೆ ಬೇರೆ ಏನಾದರೂ ಇತ್ತೇ? ಇತ್ತೆಂದೇ ಈಗ ಅನ್ನಿಸುತ್ತದೆ.

ವಿಚಿತ್ರವೆಂದರೆ ನಾನು ಕೂತರೆ ಎಲ್ಲ ಸರಿ, ಹಮೀದಾಕ ಕೂತರೆ ಉಬ್ಬುತ್ತದೆ. ಆದ್ದರಿಂದ ದೋಷ ಹಮೀದಾಕರದ್ದೇ ಎಂದು ಆಫೀಸು ತೀರ್ಮಾನಿಸಿತು. ಚಹಾ ಮಾಡುವ ಜಮಾಲ್, ಬಾಂಗ್ಲಾದವನು, ಯಾರದೋ ದೃಷ್ಟಿ ತಾಗಿದೆ ಎಂದ. ಸ್ಟೀಫನ್ “ವಯಸ್ಸಾಯ್ತಲ್ಲ ಅವರಿಗೆ” ಎಂದ. ಹಮೀದಾಕರಿಗೂ ಅಳುಕು ಹತ್ತಿತು. ಕೆಲಸದ ನಂತರ ರೂವಿ ಪೇಟೆಗೆ ಹೋಗಿ ಡಾಕ್ಟರಿಗೆ ಕಣ್ಣು ತೋರಿಸಿ ಬಂದರು. ಕಣ್ಣು ಚೆನ್ನಾಗಿದೆ ಎಂದರಂತೆ, ಆದರೂ ಸಂಶಯಕ್ಕೆ ಒಂದು ಹೊಸ ಕನ್ನಡಕ ಮಾಡಿಸಿಕೊಂಡರು. ಅದನ್ನು ಹಾಕಿಕೊಂಡು ನೋಡಿದರೆ ಉಬ್ಬಿದ ಸೊನ್ನೆ ಇನ್ನಷ್ಟು ಉಬ್ಬಿ ಕಂಡಿತು. ಆಮೇಲೆ ಒಂದು ದಿನ ಅವರು ಕಣ್ಣು ಮುಚ್ಚಿ ಏನೋ ಓದಿ ಮಾನಿಟರಿನ ಮೇಲೆ ಮೆಲ್ಲಗೆ ಊದುವುದನ್ನು ನೋಡಿದೆ. ಆ ಇಡೀ ದಿನ ಅದು ಉಬ್ಬಲಿಲ್ಲ. ನನ್ನ ಎಲ್ಲ ಡ್ರೈವರುಗಳಿಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಅರ್ಬಾಬರ ತಾಳ್ಮೆ ಮುಗಿಯತೊಡಗಿತು. “ಈದ್‌ನೊಳಗೆ ಸರಿಯಾಗದಿದ್ದರೆ ಖಲಾಸ್, ನಿನ್ನ ಲಿನಕ್ಸನ್ನು ತೆಗೆಸಿಬಿಡು” ಎಂದರು. ನಾನು ಇಂಟರ್ನೆಟ್ಟಿನಲ್ಲಿ ಲಿನಕ್ಸಿನವರು ಸೇರುವ ಒಂದು ಕಟ್ಟೆಯಲ್ಲಿ ನನ್ನ ಗೋಳನ್ನೆಲ್ಲ ಬರೆದೆ. ಯಾವುದೋ ದೇಶದ ಯಾರೋ ಒಬ್ಬರು ಒಂದೇ ಸಾಲು ಉತ್ತರಿಸಿದರು: ‘ಆಲ್ಟ್ ಕೀ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸುತ್ತಿದ್ದೀರಾ?’ ಹಾಗೆ ಮಾಡಿದರೆ ಇಡೀ ಪರದೆ ಹಿಗ್ಗುತ್ತದಂತೆ. ಕಣ್ಣು ಮಂದವಾದವರಿಗೆ ಅನುಕೂಲವಾಗಲಿ ಎಂದು ಯಾರೋ ಪುಣ್ಯಾತ್ಮರು ಇಟ್ಟ ಸೌಲಭ್ಯ. ನಮ್ಮಲ್ಲಿ ಯಾರೂ ಆಲ್ಟ್ ಒತ್ತಿ ಹಿಡಿಯುವುದಿಲ್ಲ ಎಂದು ಸಿಟ್ಟಿನಲ್ಲಿ ಬರೆಯಲು ಹೊರಟವನು — ಅಲ್ಲೇ ನಿಂತೆ.

ನಮ್ಮ ಬಿಲ್ಲುಗಳಲ್ಲಿ ಗಿರಾಕಿಯ ಹೆಸರು ಅರಬಿಯಲ್ಲಿ, ಪಂಪಿನ ವಿವರ ಇಂಗ್ಲಿಷಿನಲ್ಲಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ಆಲ್ಟ್ ಮತ್ತು ಶಿಫ್ಟ್ ಎರಡನ್ನೂ ಒಟ್ಟಿಗೆ ಒತ್ತಬೇಕು. ಹಮೀದಾಕ ದಿನವಿಡೀ ಮಾಡುವುದೇ ಅದು. ನನಗೆ ಅರಬಿ ಬರೆಯಲು ಬಾರದು, ಹಾಗಾಗಿ ನಾನು ಕೂತಾಗ ಆ ಕೀಯ ಗೊಡವೆಗೇ ಹೋಗುತ್ತಿರಲಿಲ್ಲ. ಎದ್ದು ಹೋಗಿ ಅವರ ಕೀಬೋರ್ಡಿನ ಎಡಮೂಲೆಯ ಆಲ್ಟನ್ನು ಒಂದು ಸಲ ಒತ್ತಿದೆ. ಕೆಳಗೆ ಹೋಯಿತು. ಶಾಲೆಗೆ ಎಬ್ಬಿಸಿದ ಮಗುವಿನ ಹಾಗೆ ಬಹಳ ಹೊತ್ತು ಬಿಟ್ಟು ಮೇಲೆ ಬಂತು. ಅಷ್ಟು ಹೊತ್ತು ಅದು ಒತ್ತಿಕೊಂಡೇ ಇರುತ್ತದೆ, ಆಗ ಚಕ್ರ ತಿರುಗಿಸಿದರೆ ಪರದೆ ಉಬ್ಬುತ್ತದೆ. ನನಗೆ ಎಲ್ಲ ತಿಳಿಯಿತು. ಬೆರಳಿನಲ್ಲಿ ಏಲಕ್ಕಿಯ ಪರಿಮಳವೂ ಬಂತು.

ನಾಳೆ ಅವರು ನಮಾಜಿಗೆ ಹೋದಾಗ ಸದ್ದಿಲ್ಲದೆ ಬೇರೆ ಕೀಬೋರ್ಡ್ ಇಟ್ಟುಬಿಡುವುದೆಂದು ಲೆಕ್ಕ ಹಾಕಿದೆ. ನನ್ನ ಹರಕೆಯ ಮಾನವೂ ಉಳಿಯುತ್ತದೆ, ಲಿನಕ್ಸಿನ ಮಾನವೂ ಉಳಿಯುತ್ತದೆ. ಆದರೆ ಮರುದಿನ ನಾನು ಬರುವ ಮೊದಲೇ ಅರ್ಬಾಬರು ಹಮೀದಾಕರ ಮೇಜಿನ ಹತ್ತಿರ ನಿಂತಿದ್ದರು. ಹಮೀದಾಕ ಪಾಪ, ಆಲ್ಟ್ ಸ್ವಲ್ಪ ಅಂಟುತ್ತದೆ ಎಂದು ತಾವೇ ಹೇಳಿದ್ದರು. ಪಂಪು ಬಿಚ್ಚಿದ ಕೈ ಸುಮ್ಮನಿದ್ದೀತೇ? ಕಿಸೆಯ ಸ್ಕ್ರೂಡ್ರೈವರ್ ತೆಗೆದು ಮೆಲ್ಲಗೆ ಮೀಟಿ ಆ ಕೀಯನ್ನು ಎತ್ತಿಯೇಬಿಟ್ಟರು. ಸುತ್ತ ನಾನು, ಸ್ಟೀಫನ್, ಜಮಾಲ್, ಇಬ್ಬರು ಫಿಟ್ಟರುಗಳು.

ಕೆಳಗೆ ಕಂದು ಬಣ್ಣದ ಹಲ್ವ. ಅದರಲ್ಲಿ ಗೋಡಂಬಿಯ ಒಂದು ಚೂರು. ಉಪವಾಸವಿದ್ದವರ ಮೂಗು ಚುರುಕು, ತುಪ್ಪ ಮತ್ತು ಗುಲಾಬಿ ನೀರಿನ ವಾಸನೆ ಎಲ್ಲರಿಗೂ ಬಡಿಯಿತು.

ಹಮೀದಾಕ ಹೊಸ ಕನ್ನಡಕದಲ್ಲಿ ಬಗ್ಗಿ ನೋಡಿ “ಇದೆಂತದು?” ಎಂದರು. ಅವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಆದರೆ ಸುತ್ತಲಿದ್ದವರ ಕಣ್ಣು ಮೊದಲು ಕೀಬೋರ್ಡಿಗೆ, ಅಲ್ಲಿಂದ ಬೆನ್ನ ಹಿಂದಿನ ಕಪಾಟಿಗೆ, ಅಲ್ಲಿಂದ ಅವರ ಮುಖಕ್ಕೆ ಹೋಯಿತು. ಆಮೇಲೆ ಮರ್ಯಾದೆಯಿಂದ ನೆಲಕ್ಕೆ ಇಳಿಯಿತು. ಒಮಾನಿಗಳು ಬಲು ಮರ್ಯಾದಸ್ಥರು, ಒಬ್ಬನ ಮಾನ ಹೋಗುವುದನ್ನು ನಿಂತು ನೋಡುವುದಿಲ್ಲ. ಅರ್ಬಾಬರು ಕೀಯನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ “ಹೊಸ ಕೀಬೋರ್ಡ್ ತನ್ನಿ” ಎಂದಷ್ಟೇ ಹೇಳಿ ಹೊರಟರು.

ನಾನು ಹಿಂದೆಯೇ ಓಡಿದೆ. ನಿಮ್ಮಾಣೆ, ಹೇಳಿಬಿಡಬೇಕೆಂದೇ ಓಡಿದ್ದು. ಅಂಗಳದಲ್ಲಿ ಅವರು ತಿರುಗಿ ನಿಂತರು. ಮುಖ ಬಾಡಿತ್ತು. ಬಹಳ ವರ್ಷ ನಂಬಿದ ಮನುಷ್ಯನ ಬಗ್ಗೆ ಸಂಶಯ ಬಂದರೆ ಆಗುವ ಹಾಗೆ. ಆಗ ನನ್ನ ಬಾಯಿಂದ ಬಂದ ಮಾತು ಇದು: “ಅರ್ಬಾಬ್, ಹಮೀದಾಕರಿಗೆ ಶುಗರ್ ಇದೆ. ಯಾರಿಗೂ ಹೇಳಿಕೊಳ್ಳುವುದಿಲ್ಲ.”

ಎಷ್ಟು ಚಂದದ ಸುಳ್ಳು ನೋಡಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದು ನನಗೆ ಗೊತ್ತಿತ್ತು. ಅವರ ಮಾನ ಉಳಿಯಿತು, ನನ್ನದೂ ಉಳಿಯಿತು — ಎಂದು ಆ ಕ್ಷಣ ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಅರ್ಬಾಬರ ಮುಖ ಅರಳಿತು. “ಮಿಸ್ಕೀನ್” ಎಂದರು, ಪಾಪದವನು ಎಂದು. “ಒಬ್ಬನೇ ಅನುಭವಿಸುತ್ತಿದ್ದಾನೆ. ಅವನಿಗೆ ನಾಚಿಕೆ ಆಗಬಾರದು, ನಮಗೆ ಗೊತ್ತೆಂದು ಯಾರೂ ತೋರಿಸಬೇಡಿ.” ಉಳಿದವರಿಗೂ ಅವರೇ ಗುಟ್ಟಾಗಿ ಹಾಗೆ ಹೇಳಿಟ್ಟರು. ಹಮೀದಾಕರೂ ನಾನೂ ಇಬ್ಬರೂ ವ್ರತದಲ್ಲಿದ್ದೆವು. ಮುರಿದದ್ದು ನಾನು, ಮುರಿದವರಾದದ್ದು ಹಮೀದಾಕ.

ಅಲ್ಲಿಂದ ಪ್ರೀತಿ ಶುರುವಾಯಿತು. ಈದ್ ಮುಗಿದ ಮೇಲೆ ಜಮಾಲ್ ಅವರ ಚಹಾಕ್ಕೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದ. ಕೇಳಿದರೆ ಮರೆತೆ ಎನ್ನುತ್ತಿದ್ದ. ದಿನಾ ಮರೆಯುತ್ತಿದ್ದ. ಈದ್ ಉಡುಗೊರೆಯಾಗಿ ಎಲ್ಲರಿಗೂ ಹಲ್ವದ ಡಬ್ಬ ಸಿಕ್ಕಿದರೆ ಹಮೀದಾಕರಿಗೆ ರಕ್ತದ ಸಕ್ಕರೆ ನೋಡುವ ಮಿಷನ್ ಸಿಕ್ಕಿತು. “ಇದು ಎಂತಕೆ ನಂಗೆ?” ಎಂದು ನನ್ನನ್ನೇ ಕೇಳಿದರು. “ಅರವತ್ತು ಹತ್ತಿರ ಬಂತಲ್ಲ, ಅರ್ಬಾಬರಿಗೆ ಕಾಳಜಿ” ಎಂದೆ. ಬೆರಳು ಚುಚ್ಚಿ ನೋಡಿದರು, ಎಲ್ಲ ಸರಿ ಇತ್ತು. ಖುಷಿಯಿಂದ ಅರ್ಬಾಬರಿಗೆ ತೋರಿಸಿದರು. ಅರ್ಬಾಬರು ಮಾಶಾ ಅಲ್ಲಾ, ಹತೋಟಿಯಲ್ಲಿದೆ ಎಂದು ಹಿಗ್ಗಿ, ಇನ್ನೂ ಹತೋಟಿಯಲ್ಲಿರಲಿ ಎಂದು ನಿಜ್ವಾದಿಂದ ಯಾವುದೋ ಬೇರಿನ ಪುಡಿ ತರಿಸಿಕೊಟ್ಟರು. ದೇಹಕ್ಕೆ ಒಳ್ಳೆಯದು ಎಂದಷ್ಟೇ ಹೇಳಿದರು. ಯಜಮಾನರು ಪ್ರೀತಿಯಿಂದ ಕೊಟ್ಟದ್ದೆಂದು ಹಮೀದಾಕ ಅದನ್ನು ಬೆಳಿಗ್ಗೆ ಬೆಳಿಗ್ಗೆ ಮುಖ ಕಿವಿಚಿಕೊಂಡು ಕುಡಿದರು. ಒಂದು ದಿನವೂ ತಪ್ಪಿಸಲಿಲ್ಲ. ಮಿಷನ್ ಪ್ರತಿ ಸಲ ‘ಸರಿ’ ಎಂದಿತು, ಪ್ರತಿ ‘ಸರಿ’ಯೂ ಪುಡಿಯ ಮಹಿಮೆಯೆಂದು ಲೆಕ್ಕಕ್ಕೆ ಸೇರಿತು.

ಇಷ್ಟರವರೆಗಿನದನ್ನು ನಗುತ್ತ ಬರೆದೆ. ಇನ್ನು ಮುಂದಿನದನ್ನು ಬರೆಯಲು ಕಷ್ಟ.

ಮುಂದಿನ ರಮಝಾನ್ ಬಂತು. ಅರ್ಬಾಬರ ಮಾತಿನಂತೆ ಜಮಾಲ್ ಮಧ್ಯಾಹ್ನಕ್ಕೆ ಅಡುಗೆಕೋಣೆಯಲ್ಲಿ ಒಂದು ತಟ್ಟೆಯನ್ನು ಮುಚ್ಚಿಡತೊಡಗಿದ. ಎರಡು ಚಪಾತಿ, ಸ್ವಲ್ಪ ಕೋಳಿ, ಒಂದು ಲೋಟ ನೀರು. ಯಾರಿಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆ ಹೊತ್ತಿಗೆ ಆ ಕಡೆ ಯಾರೂ ಸುಳಿಯುವುದೂ ಇಲ್ಲ, ಅದೇ ಮರ್ಯಾದೆ. ಹಮೀದಾಕ ಅದನ್ನು ನೋಡಿ ನನ್ನ ಹತ್ತಿರ ಬಂದರು. “ಒಳಗೆ ನಿಂಗೆ ಊಟ ಇಟ್ಟಿದ್ದಾರೆ, ತಣ್ಣಗಾಗುದು ಬೇಡ, ಹೋಗಿ ತಿನ್ನು. ನಾನು ಬಾಗ್ಲು ಹಾಕಿಕೊಳ್ತೇನೆ” ಎಂದರು. ನಾನು ಹೋಗಿ ತಿಂದೆ. ಮರುದಿನವೂ ತಿಂದೆ. ಆ ರಮಝಾನಿನ ಎಲ್ಲ ಕೆಲಸದ ದಿನಗಳಲ್ಲೂ ತಿಂದೆ, ಅದರ ಮುಂದಿನ ವರ್ಷಗಳಲ್ಲೂ ತಿಂದೆ. ನಾನು ಖಾಲಿ ಮಾಡಿದ ಒಂದೊಂದು ತಟ್ಟೆಯನ್ನೂ ತೊಳೆಯುತ್ತ ಜಮಾಲ್, ಹಮೀದಾಕ ಇವತ್ತೂ ಉಪವಾಸ ಬಿಟ್ಟರು ಎಂದುಕೊಳ್ಳುತ್ತಿದ್ದ. ನಾನು ತಿನ್ನುವಷ್ಟು ಹೊತ್ತೂ ಹಮೀದಾಕ ಒಣಗಿದ ತುಟಿಯಲ್ಲಿ, ನನ್ನನ್ನು ಯಾರೂ ನೋಡದಿರಲಿ ಎಂದು ಬಾಗಿಲ ಹೊರಗೆ ಕಾವಲಿರುತ್ತಿದ್ದರು.

ಪಾಪನಿವೇದನೆಗೆ ಹೋಗಲಿಲ್ಲವೇ ಎಂದು ನೀವು ಕೇಳಬಹುದು. ಹೋದೆ. ತಪಸ್ಸುಕಾಲದಲ್ಲಿ ಸಿಹಿ ತಿಂದೆ ಫಾದರ್ ಎಂದೆ. ಎಷ್ಟು ಎಂದರು. ಒಂದೂವರೆ ತುಂಡು ಎಂದೆ. ಒಂದು ಜಪ ಹೇಳು ಮಗಾ, ಹೋಗು ಎಂದರು. ಹೊರಗೆ ಉದ್ದ ಸಾಲಿತ್ತು, ಅವರಿಗೂ ಅವಸರ. ಉಳಿದದ್ದನ್ನು ಹೇಳಲು ಬಾಯಿ ತೆರೆದೆ — ತೆರೆದೆನೇ? ಇಲ್ಲ. ಸಣ್ಣ ಪಾಪವನ್ನು ಮುಂದೆ ತಳ್ಳಿ ದೊಡ್ಡದನ್ನು ಅದರ ಹಿಂದೆ ಅಡಗಿಸಿಕೊಂಡು ಮನೆಗೆ ಬಂದೆ.

ಈ ವರ್ಷ ಹಮೀದಾಕ ಕೆಲಸ ಬಿಟ್ಟು ಊರಿಗೆ ಹೊರಟರು. ಬೀಳ್ಕೊಡುಗೆಯ ಊಟದ ದಿನ ಅರ್ಬಾಬರು ಎದ್ದು ನಿಂತು ಮಾತಾಡಿದರು. ಅವರ ಕಣ್ಣಲ್ಲಿ ನೀರಿತ್ತು. ಹಮೀದ್ ನನ್ನ ತಮ್ಮನ ಹಾಗೆ ಎಂದರು, ಒಂದು ದಿನವೂ ಒಂದು ಬಿಲ್ಲೂ ತಪ್ಪಲಿಲ್ಲ ಎಂದರು. ಆಮೇಲೆ, ಕೊನೆಯ ದಿನವಾದ್ದರಿಂದ ಇನ್ನು ಮುಚ್ಚುಮರೆ ಬೇಡವೆಂದು ತೋರಿತೋ ಏನೋ — “ದೇಹ ಅವನಿಗೆ ಉಪವಾಸ ಹಿಡಿಯಲು ಬಿಡಲಿಲ್ಲ. ಆದರೆ ಅವನ ಮನಸ್ಸು ನಮಗಿಂತ ಹೆಚ್ಚು ಉಪವಾಸ ಹಿಡಿದಿದೆ. ನಮಗೆಲ್ಲ ಗೊತ್ತಿತ್ತು ಹಮೀದ್, ನಾವು ಯಾರೂ ತಪ್ಪು ತಿಳಿಯಲಿಲ್ಲ” ಎಂದರು.

ಎಲ್ಲರೂ ತಲೆದೂಗಿದರು. ಹಮೀದಾಕರ ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. ಅವರು ಒಬ್ಬೊಬ್ಬರ ಮುಖವನ್ನೇ ನೋಡಿದರು. ಎಲ್ಲರ ಮುಖದಲ್ಲೂ ಕರುಣೆ. ಕರುಣೆಯಿಂದ ನೋಡುತ್ತಿರುವವರಿಗೆ, ಅದೂ ಬೀಳ್ಕೊಡುಗೆಯ ದಿನ, ಯಜಮಾನರ ಮಾತನ್ನು ಕತ್ತರಿಸಿ ಏನು ಹೇಳುವುದು? ತುತ್ತನ್ನು ತಟ್ಟೆಗೇ ಬಿಟ್ಟು ಕೈ ತೊಳೆಯಲು ಎದ್ದರು. ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟುತ್ತಿದ್ದರು.

ಆ ಸಂಜೆಯೇ ಅವರ ಫ್ಲ್ಯಾಟಿಗೆ ಹೋದೆ. ಕೋಣೆ ತುಂಬ ರಟ್ಟಿನ ಪೆಟ್ಟಿಗೆಗಳು. ಅವರು ಒಂದಕ್ಕೆ ಟೇಪ್ ಸುತ್ತುತ್ತಿದ್ದರು. ನಾನು ಕೂತುಕೊಳ್ಳದೆಯೇ ಶುರುಮಾಡಿದೆ.

“ಹಮೀದಾಕ, ಆ ಕೀಬೋರ್ಡಿನ ಹಲ್ವ ನಾನು ತಿಂದದ್ದು.”

“ಎಂತ?”

“ಹಲ್ವ ನಂದು. ಶುಗರ್ ಉಂಟು ಅಂತ ಅರ್ಬಾಬರಿಗೆ ಹೇಳಿದ್ದೂ ನಾನೇ.”

ಅವರು ಪೆಟ್ಟಿಗೆಯ ಮೇಲೆ ಕೂತರು. ನಾನು ನಿಂತೇ ಎಲ್ಲ ಹೇಳಿದೆ. ಗುರುತಿನ ಕಾರ್ಡಿನಿಂದ ಎತ್ತಿದ್ದನ್ನೂ ಹೇಳಿದೆ. ಅವರಿಗೆ ನಗು ಬಂತು. “ಆ ಪುಡಿ ಎಷ್ಟು ಕಹಿ ಗೊತ್ತುಂಟಾ ನಿಂಗೆ? ಕುಡಿದ್ರೆ ಮಧ್ಯಾಹ್ನದ ತನಕ ನಾಲಗೆ ನಂದಲ್ಲ. ಮನೆಯವಳು ಮದುವೆ ಮನೆಯಲ್ಲಿ ಪಾಯಸದ ಗ್ಲಾಸ್ ಕೈಯಿಂದ ಎಳೆದುಕೊಂಡಿದ್ದಾಳೆ ಮಾರಾಯ, ಆಫೀಸಿನವರು ಮಿಷನ್ ಕೊಟ್ಟಿದ್ದಾರೆ, ನೀವು ನನ್ನಿಂದ ಅಡಗಿಸ್ತಾ ಇದ್ದೀರಿ ಅಂತ.” ನಾನೂ ನಕ್ಕೆ. ನಗಬಾರದಿತ್ತು. ಇಷ್ಟರಲ್ಲೇ ಮುಗಿಯಿತು ಎಂದು ಹಗುರಾಗಿ ಹೋಗಿದ್ದೆ.

ಅವರ ನಗು ನಡುವೆಯೇ ನಿಂತಿತು. “ಆ ತಟ್ಟೆ,” ಎಂದರು. “ಅದು ನಂಗೆ ಇಟ್ಟದ್ದಾ?”

ಹೌದೆಂದೆ.

ಉಗುರಿನಿಂದ ಟೇಪಿನ ತುದಿ ಹುಡುಕತೊಡಗಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. “ಇದನ್ನು ನಂಗೆ ಎಂತಕೆ ಹೇಳ್ತಿ ನೀನು? ನಾನು ತಿನ್ಲಿಲ್ಲ ಅಂತ ನಂಗೆ ಗೊತ್ತುಂಟು. ಮೇಲಿರುವವನಿಗೂ ಗೊತ್ತುಂಟು. ಗೊತ್ತಿಲ್ಲದ್ದು ಅವರಿಗೆ. ಅಲ್ಲಿ ಹೋಗಿ ಹೇಳು.”

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ, ಎಲ್ಲರೂ ಖರ್ಜೂರದ ತಟ್ಟೆಯ ಸುತ್ತ ಸೇರಿದಾಗ ಹೇಳಿದೆ. ಹಮೀದಾಕ ಕೊನೆಯ ಕಾಗದಗಳಿಗೆ ಸಹಿ ಹಾಕಲು ಬಂದು ಮೂಲೆಯಲ್ಲಿ ಕೂತಿದ್ದರು. ನನ್ನ ಹಿಂದಿ ಮೊದಲೇ ಅಷ್ಟಕ್ಕಷ್ಟೆ, ಅಂದು ಲಿಂಗ ವಚನ ಎಲ್ಲ ಕಲಸಿಹೋಯಿತು. ಆದರೂ ಎಲ್ಲರಿಗೂ ಅರ್ಥವಾಯಿತು. ಜಮಾಲನಿಗೆ ತಟ್ಟೆಯ ವಿಷಯ ಬಂದಾಗ ಕಣ್ಣು ತುಂಬಿತು. ಸ್ಟೀಫನ್ ಮಾತ್ರ “ತಪಸ್ಸುಕಾಲದಲ್ಲಾ?” ಎಂದು ಕೇಳಿದ. ಅವನಿಗೆ ಅದೇ ದೊಡ್ಡದಾಗಿ ಕಂಡಿತು.

ಅರ್ಬಾಬರು ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಕಡೆ ನೋಡಲೇ ಇಲ್ಲ. ಕಪ್ಪನ್ನು ಕೆಳಗಿಟ್ಟು ಎದ್ದು ಹೋಗಿ ಹಮೀದಾಕರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ನಿನ್ನ ಬಗ್ಗೆ ಆಗಬಾರದ ಯೋಚನೆ ನನ್ನ ಮನಸ್ಸಿಗೆ ಬಂತು, ಅದನ್ನು ವರ್ಷಗಟ್ಟಲೆ ಇಟ್ಟುಕೊಂಡೆ, ಕ್ಷಮಿಸು ಎಂದರು. ಅವರ ಹಿಂದೆ ಜಮಾಲ್ ಹೋದ. ಫಿಟ್ಟರುಗಳು ಹೋದರು. ಸ್ಟೀಫನ್ ಕೂಡ ಹೋಗಿ ಕೈ ಹಿಡಿದ. ತಪ್ಪು ಮಾಡದವರೆಲ್ಲ ಸಾಲಾಗಿ ನಿಂತು ಕ್ಷಮೆ ಕೇಳಿದರು. ಹಮೀದಾಕ ಎಲ್ಲರಿಗೂ “ಮಾಫ್, ಮಾಫ್, ಎಂತದೂ ಇಲ್ಲ” ಎನ್ನುತ್ತ ಬೆನ್ನು ತಟ್ಟಿದರು.

ಕೊನೆಗೆ ನಾನು ಹೋದೆ. ಕೈ ಚಾಚಿದೆ. ಅವರು ಹಿಡಿದುಕೊಂಡರು. ಸಿಟ್ಟಿರಲಿಲ್ಲ. ರಿಪೇರಿಗೆ ಕೊಟ್ಟ ಪಂಪು ಇನ್ನೂ ಆಗಿಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು.

“ನಿಂದಕ್ಕೆ ಸ್ವಲ್ಪ ಟೈಮ್ ಬೇಕು ವಲೇರಿಯನ್.”

ಈಗ ಅವರು ಉಳ್ಳಾಲದಲ್ಲಿದ್ದಾರೆ. ಪ್ರತಿ ಶುಕ್ರವಾರ ಫೋನ್ ಮಾಡುತ್ತೇನೆ. ಅವರು ಎತ್ತುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಮೀನಿನ ರೇಟು, ಮೊಮ್ಮಗಳ ಶಾಲೆ ಎಲ್ಲ ಹೇಳುತ್ತಾರೆ, ಜೆಸಿಂತಾಳ ಬೆನ್ನುನೋವು ಹೇಗಿದೆಯೆಂದು ಕೇಳುತ್ತಾರೆ. ಆ ವಿಷಯ ಅವರು ಎತ್ತಿಲ್ಲ. ಆಯಿತೇ ಎಂದು ನಾನು ಕೇಳುವುದಿಲ್ಲ. ಫೋನ್ ಮಾಡುವುದನ್ನು ನಿಲ್ಲಿಸುವುದೂ ಇಲ್ಲ.